ಗೌರಮ್ಮ ವಾಪಸ್ ತಂದ ವೀಳ್ಯ

"ಬಾಗಿಲು ಬಿಡಿ."

"ಬಿಡೋಲ್ಲ."

ಸಿಂಧಘಟ್ಟದ ಆ ಹೆಂಚಿನ ಮನೆಯ ಹೊಸ್ತಿಲಿಗೆ ಅಡ್ಡವಾಗಿ, ಎರಡೂ ಕೈಗಳನ್ನು ಬಾಗಿಲ ತೋಳುಗಳಿಗೆ ಕೊಟ್ಟು ನಿಂತಿದ್ದಳು ಪುಟ್ಟಗೌರಮ್ಮ. ತಲೆಯ ಮೇಲೆ ಬೇವಿನ ಸೊಪ್ಪಿನ ತೋರಣ. ಎದುರಿಗೆ ಖಾಕಿ ಪ್ಯಾಂಟಿನ ಎತ್ತರದ ಗಂಡಸು. ಅವನ ಬೆನ್ನಿಗೆ ಸೂಜಿಯ ಡಬ್ಬಿ ಹಿಡಿದ, ದೇವಿ ಹಾಕುವ, ಅಂದರೆ ಸಿಡುಬಿನ ಲಸಿಕೆ ಚುಚ್ಚುವ, ಇಬ್ಬರು ನೌಕರರು. ಅವರ ಹಿಂದೆ ಒಬ್ಬ ಪೊಲೀಸು.

ಎಪ್ಪತ್ತನೆಯ ಇಸವಿಯ ಬೇಸಿಗೆ. ಬಿಸಿಲು ನೆತ್ತಿ ಸುಡುತ್ತಿತ್ತು. ಊರಿಗೆ ಊರೇ ಬೀದಿಯಲ್ಲಿ ನಿಂತಿತ್ತು.

"ಒಳಗೆ ಸಿಡುಬಿನ ಮಗು ಇದೆ ಅಂತ ಸುದ್ದಿ ಬಂದಿದೆ. ನಾನು ಹೊಸ ಹೆಲ್ತ್ ಇನ್‌ಸ್ಪೆಕ್ಟರ್, ಸಿದ್ದರಾಜು ಅಂತ. ಸರ್ಕಾರದ ಕೆಲಸಕ್ಕೆ ಅಡ್ಡ ಬರಬೇಡಿ. ನೀವು ಈ ಮನೆಯೋರಾ?"

"ನಾನೂ ಸರ್ಕಾರದ ಕೆಲಸಾನೇ ಮಾಡ್ತಿರೋದು. ಕೃಷ್ಣರಾಜಪೇಟೆ ಆರೋಗ್ಯ ಕೇಂದ್ರದ ಎಜುಕೇಟರ್."

ಗುಂಪಿನಲ್ಲಿ ಯಾರೋ ನಕ್ಕರು. "ಲೇ, ಸರ್ಕಾರಕ್ಕೂ ಸರ್ಕಾರಕ್ಕೂ ಬಿತ್ತು ಕಣ್ಲಾ."

ಸಿದ್ದರಾಜುವಿನ ಕಿವಿ ಕೆಂಪಾಯಿತು. "ಎಜುಕೇಟರ್ ಆಗಿದ್ದೂ ನೀವೇ ತಡೀತೀರಲ್ಲ. ಜನಕ್ಕೆ ಏನು ಹೇಳಿಕೊಡ್ತೀರಿ?"

"ಈ ಮನೆ ಮೇಲೆ ಬೇವಿನ ಸೊಪ್ಪು ಕಟ್ಟಿದ್ದಾರೆ. ಅಂದ್ರೆ ಒಳಗಿನೋರು ಹೊರಗೆ ಬರೋಲ್ಲ, ಹೊರಗಿನೋರು ಒಳಗೆ ಹೋಗೋಲ್ಲ. ಮಗು ಮೈಯಿಂದ ಅಮ್ಮ ಇಳಿಯೋ ತನಕ ಒಗ್ಗರಣೆ ಹಾಕೋಲ್ಲ, ನೆಂಟರು ಬರೋಲ್ಲ. ಸಿಡುಬಿನ ರೋಗಿಯನ್ನ ಬೇರೆ ಇಡಿ ಅಂತ ನಿಮ್ಮ ಪುಸ್ತಕದಲ್ಲಿ ಬರೆದಿಲ್ವಾ? ಇವರು ಇಟ್ಟಿದ್ದಾರೆ. ನೀವು ಪೊಲೀಸ್ ಕರ್ಕೊಂಡು ಒಳಗೆ ನುಗ್ಗಿದ್ರೆ ಈ ರಾತ್ರಿನೇ ಮಗೂನ ಕಂಬಳೀಲಿ ಸುತ್ತಿ ಇನ್ನೊಂದೂರಿಗೆ ಸಾಗಿಸ್ತಾರೆ. ಆಮೇಲೆ ಆ ಊರಿಗೂ ಹೋಗಿ ಬಾಗಿಲು ಒಡೀತೀರಾ?"

ಅವನು ತಲೆ ಎತ್ತಿ ತೋರಣ ನೋಡಿದ.

"ಸುತ್ತಲ ಮನೆಗಳಿಗೆ ದೇವಿ ಹಾಕಿ. ನಾನು ಎಲ್ಲರನ್ನೂ ಒಪ್ಪಿಸಿದ್ದೀನಿ, ಅಂಗಿ ತೋಳು ಮಡಚಿಕೊಂಡು ಕೂತವ್ರೆ. ಈ ಮನೆಯೋರು ಹಿತ್ತಲಿಗೆ ಬಂದು ಹಾಕಿಸಿಕೊಳ್ತಾರೆ. ಆದ್ರೆ ಹೊಸ್ತಿಲು ದಾಟೋಕೆ ನಾನು ಬಿಡೋಲ್ಲ."

ಮಾತು ಮುಗಿದರೂ ಅವಳು ಬಾಗಿಲ ತೋಳು ಬಿಡಲಿಲ್ಲ. 'ನಾನು ಹೇಳಿದ್ದು ತಪ್ಪಾಗಿದ್ದರೆ... ಈ ರೋಗ ಹರಡಿಬಿಟ್ಟರೆ...' ಎಂದು ಒಳಗೊಂದು ದನಿ ಕೊರೆಯುತ್ತಲೇ ಇತ್ತು.

ಸಿದ್ದರಾಜು ಪೊಲೀಸಿನವನ ಕಡೆ ತಿರುಗಿದ. "ನೀವು ಹೊರಡಿ. ಇಲ್ಲಿ ನಿಮಗೆ ಕೆಲಸ ಇಲ್ಲ."

ಆಮೇಲೆ ಅವಳ ಕಡೆ ನೋಡಿದ. "ಮೊದಲು ಯಾವ ಮನೆ, ತೋರಿಸಿ."

ಸಂಜೆಯವರೆಗೂ ಬೀದಿ ಬೀದಿ ಸುತ್ತಿದರು. ಆ ಮಗು ಉಳಿಯಿತು. ಪಕ್ಕದ ಮನೆಗಳಿಗೆ ಸಿಡುಬು ಹೋಗಲಿಲ್ಲ. ಮತ್ತು ಆ ದಿನದ ನಂತರ, ಯಾರಿಗೂ ಹೇಳದೆ, ಗೌರಮ್ಮ ಬೆಳಿಗ್ಗೆ ಜಡೆ ಹೆಣೆಯುವಾಗ ಸ್ವಲ್ಪ ಹೆಚ್ಚು ಹೊತ್ತು ಕನ್ನಡಿಯ ಮುಂದೆ ನಿಲ್ಲತೊಡಗಿದಳು.

ಅದನ್ನು ಮೊದಲು ಕಂಡುಹಿಡಿದವಳು ಅಜ್ಜಿ ದೊಡ್ಡತಾಯಮ್ಮ. ಕೆಲಸಕ್ಕೆಂದು ಕೆ.ಆರ್. ಪೇಟೆಯಲ್ಲಿ ಮನೆ ಮಾಡಿದ್ದ ಮೊಮ್ಮಗಳ ಜೊತೆಗೆ ಕಾವಲಿಗೆ ಎಂದು ಮಗ ಜವರಯ್ಯ ಅವಳನ್ನು ಕಳಿಸಿದ್ದ. ಮುದುಕಿ ಕಾವಲು ಕಾಯುವುದನ್ನು ಬಿಟ್ಟು ಮೊಮ್ಮಗಳ ಪಕ್ಷ ಸೇರಿ ಎಷ್ಟೋ ಕಾಲವಾಗಿತ್ತು.

"ಅದೇನವ್ವ, ಆ ಇನ್‌ಸ್ಪೆಕ್ಟ್ರು ಜೀಪು ನಮ್ಮನೆ ಮುಂದೇನೇ ಕೆಟ್ಟೋಯ್ತದೆ ಯಾವಾಗ್ಲೂ?"

"ಹಳೇ ಜೀಪು ಅಜ್ಜಿ."

"ಜೀಪು ಅಳೇದು. ಅವ್ನು ಒಸಬ. ಅದ್ಕೇ ಕೇಳ್ದೆ."

ಒಂದು ವರ್ಷ ಹೀಗೇ ಸಾಗಿತು. ಇಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಆದರೆ ಆ ಮಾತುಗಳು ಮುಗಿಯುತ್ತಲೂ ಇರಲಿಲ್ಲ. ಹೇಮಾವತಿ ಕಡೆಯ ಹಳ್ಳಿಗಳಿಗೆ ಲಸಿಕೆ ಕೆಡದಂತೆ ಒಯ್ಯುವುದು ಹೇಗೆ, ನಾಟಿ ಸಮಯದಲ್ಲಿ ಹೆಂಗಸರು ಗದ್ದೆಯಲ್ಲಿರುವಾಗ ಅವರನ್ನು ನೋಡುವುದು ಎಲ್ಲಿ, ಒಬ್ಬ ದಾದಿಗೆ ಇಷ್ಟೊಂದು ಊರು ಹಂಚಿದವರು ಎಂದಾದರೂ ಆ ಊರುಗಳ ನಡುವೆ ನಡೆದು ನೋಡಿದ್ದಾರೆಯೇ...

"ಸೂಜಿ ಸಾಕಷ್ಟಿದೆ, ಜನಾನೂ ಇದ್ದಾರೆ. ಎರಡನ್ನೂ ಒಂದು ಕಡೆ ಸೇರಿಸೋದನ್ನ ಯಾರೂ ಕಲಿಸೋಲ್ಲ," ಎಂದಳು ಗೌರಮ್ಮ ಒಂದು ದಿನ.

"ಕಲಿಸ್ತಾರಂತೆ," ಎಂದ ಸಿದ್ದರಾಜು. "ದಿಲ್ಲೀಲಿ. ಆರೋಗ್ಯ ಆಡಳಿತ ಅಂತಾನೇ ಒಂದು ಓದು ಇದೆ. ಪದವಿ ಆದ ಮೇಲಿನದು, ಒಂದು ವರ್ಷ. ಅರ್ಧ ಕ್ಲಾಸು ಬೇರೆ ಬೇರೆ ದೇಶದೋರು. ಒಂದು ದೇಶದ ರೋಗ ಇನ್ನೊಂದು ದೇಶಕ್ಕೂ ಸೇರಿದ್ದು ಅಂತ ಕಲಿಸ್ತಾರಂತೆ. ಅರ್ಜಿ ಹಾಕಿ."

"ನಾನಾ? ಮೈಸೂರಲ್ಲಿ ಬಿಎಸ್ಸಿ ಪಾಸ್ ಮಾಡೋಕೆ ಬೆವರು ಕಿತ್ಕೊಂಡು ಬಂತು ನನಗೆ."

"ಬಾಗಿಲಿಗೆ ಅಡ್ಡ ನಿಂತಾಗ ಬೆವರು ಬಂದಿದ್ದು ನನಗೆ."

ಅವಳು ಅರ್ಜಿ ಹಾಕಿದಳು. ಬೆಂಗಳೂರಿನಲ್ಲಿ ಸಂದರ್ಶನ ಆಯಿತು. ಆಯ್ಕೆಯೂ ಆಯಿತು. ವಿದ್ಯಾರ್ಥಿವೇತನವೂ ಸಿಕ್ಕಿತು. ಜುಲೈಗೆ ದಿಲ್ಲಿಯಲ್ಲಿರಬೇಕು.

ಉಳಿದದ್ದು ಅಪ್ಪ.

*

ನಾಗಮಂಗಲದ ಕಡೆಯ ಊರಿನಲ್ಲಿ ಜವರಯ್ಯನದು ಹಳೆಯ ಮನೆತನ. ಹೊಲ, ತೆಂಗಿನ ತೋಟ, ಕೊಟ್ಟಿಗೆ ತುಂಬ ದನ. ಮಗಳನ್ನು ಓದಿಸಿದ್ದು ಅವನೇ. ಊರವರು ನಕ್ಕಾಗ ಹೆಗಲ ಮೇಲಿನ ಟವಲು ಕೊಡವಿ ಹೋದವನು. ಆದರೆ ದಿಲ್ಲಿ ಎಂದ ಕೂಡಲೇ ಅವನ ಮುಖ ಬಿಗಿಯಿತು.

"ಮದ್ವೆ ಮಾಡ್ಕೊಂಡು ಎಲ್ಲಿಗಾರ ಓಗವ್ವ. ನಾನು ಬ್ಯಾಡ ಅನ್ನಕಿಲ್ಲ. ತಾಳಿ ಇಲ್ದೆ ಬರೀ ಕತ್ತಲ್ಲಿ ಅಷ್ಟು ದೂರ ಓದ್ರೆ, ಇಂದಕ್ಕೆ ಬಂದಾಗ ಯಾರು ಕೇಳ್ತಾರೆ ನಿನ್ನ?"

ಪಾಂಡವಪುರದ ಹತ್ತಿರ ಆಲೆಮನೆ ನಡೆಸುತ್ತಿದ್ದ ಸೋದರಮಾವನ ಮಗ ರಂಗಸ್ವಾಮಿ ಅವಳನ್ನು ಮದುವೆಯಾಗಲು ಕಾಯುತ್ತಿದ್ದ. ಆ ಮನೆಗೆ ಹೋದರೆ ದಿಲ್ಲಿ ಇಲ್ಲ, ಕೆಲಸವೂ ಇಲ್ಲ. ಅವಳಿಗೆ ಗೊತ್ತಿತ್ತು.

"ನಾನು ಹೋಗಿ ನಿಮ್ಮ ತಂದೆ ಹತ್ರ ಮಾತಾಡ್ಲಾ?" ಎಂದು ಸಿದ್ದರಾಜು ಕೇಳಿದ.

"ಬೇಡ. ನನ್ನ ಅಪ್ಪ. ನನ್ನ ಓದು. ನಾನೇ ಮಾತಾಡ್ತೀನಿ."

ಅವನು ತಲೆಯಾಡಿಸಿದ. ಆದರೂ ಆ ಭಾನುವಾರ ಬಸ್ಸು ಹತ್ತಿ ಹೋದ. ಒಳ್ಳೆಯ ಮನಸ್ಸಿನವರು ಮಾಡುವ ತಪ್ಪು ಇದೇ. ಬೇಡ ಎಂದದ್ದನ್ನು ಅವರು ಸಂಕೋಚ ಅಂದುಕೊಳ್ಳುತ್ತಾರೆ.

ಗೌರಮ್ಮನಿಗೆ ಸುದ್ದಿ ಮುಟ್ಟಿದ್ದು ಪೇಟೆಯ ಸಂತೆಯಲ್ಲಿ. ಸೋದರತ್ತೆ ಬೆಟ್ಟಮ್ಮ ಮುಖ ತುಂಬ ನಗುತ್ತ ಎದುರಾದಳು.

"ಏನವ್ವ ಮದ್ವಣಗಿತ್ತಿ, ಇನ್ನೂ ಬದ್ನೆಕಾಯಿ ಆರಿಸ್ತಾ ನಿಂತಿದ್ದೀಯ?"

"ಯಾರ ಮದುವೆ ಅತ್ತೆ?"

"ನಂದು ಕಣವ್ವ, ಈ ವಯಸ್ಸಲ್ಲಿ," ಎಂದು ಬೆಟ್ಟಮ್ಮ ಅವಳ ಕೆನ್ನೆ ಚಿವುಟಿದಳು. "ನಿಮ್ಮ ಇನ್‌ಸ್ಪೆಕ್ಟ್ರು ಬಂದು ವೀಳ್ಯ ಇಡ್ಕೊಂಡೋದ್ನಲ್ಲ. ಯಜಮಾನ್ರ ಮುಂದೆ, ಜಗಲಿ ಮ್ಯಾಲೆ ಕೂತು, ಬಟ್ಟೆ ಒಡ್ಡಿ ಇಸ್ಕೊಂಡ. ನಾವು ಸೋಬಾನೆ ಯೋಳಿದ್ವಿ. ಆಷಾಢ ಉಟ್ಟೋಕೆ ಮುಂಚೆ ಲಗ್ನ ಅಂತೆ."

ಗೌರಮ್ಮನ ಕೈಯಲ್ಲಿದ್ದ ಬದನೆಕಾಯಿ ಬುಟ್ಟಿಗೆ ಬಿತ್ತು.

ಆ ಕಡೆಯ ಮನೆತನಗಳಲ್ಲಿ ಬಂದ ನೆಂಟ ಎಲೆ ಅಡಿಕೆಯನ್ನು ಬರಿಗೈಯಲ್ಲಿ ತೆಗೆದುಕೊಳ್ಳುತ್ತಾನೆ. ಊರ ಯಜಮಾನ ಕೊಟ್ಟ ಎಲೆ ಅಡಿಕೆಯನ್ನು ಮಡಿಲಲ್ಲಿ ಬಟ್ಟೆ ಹಾಸಿ ತೆಗೆದುಕೊಳ್ಳುವವನು ಒಬ್ಬನೇ, ಆ ಮನೆಯ ಹೆಣ್ಣನ್ನು ಒಪ್ಪಿದ ಗಂಡು. ಬಟ್ಟೆಗೆ ವೀಳ್ಯ ಬಿತ್ತೆಂದರೆ ಮಾತು ಆಯಿತು. ಆಮೇಲೆ ಬೇರೆ ಯಾರೂ ಆ ಹೆಣ್ಣನ್ನು ಕೇಳುವಂತಿಲ್ಲ.

'ನನ್ನ ಕೇಳದೆ... ನನ್ನ ಒಂದು ಮಾತೂ ಕೇಳದೆ... ಅರ್ಜಿ ಹಾಕಿ ಅಂದವರೇ ಹೋಗಿ ನನ್ನ ಕೊಂಡುಕೊಂಡು ಬಂದ್ರಾ?'

ಎದೆಯಲ್ಲಿ ಒಂದು ಕ್ಷಣ, ಒಂದೇ ಕ್ಷಣ, ಹಿತವಾದ ನಡುಕವೂ ಹುಟ್ಟಿತು. ಅದಕ್ಕಾಗಿಯೇ ಅವಳಿಗೆ ಕೋಪ ಇಮ್ಮಡಿಯಾಯಿತು.

*

ಆರೋಗ್ಯ ಕೇಂದ್ರದ ಹಿಂದೆ ಸಿದ್ದರಾಜು ಜೀಪಿನ ಬಾನೆಟ್ಟು ಎತ್ತಿ ನೋಡುತ್ತಿದ್ದ. ಅವಳನ್ನು ಕಂಡು ಕೈ ಒರೆಸಿಕೊಂಡ. ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು.

"ಗೌರಮ್ನೋರೆ, ನಾನೇ ಇವತ್ತು ಬಂದು ಹೇಳೋನಿದ್ದೆ..."

"ನಮ್ಮೂರಿಗೆ ಹೋಗಿದ್ರಾ?"

"ಹೋಗಿದ್ದೆ. ನಿಮ್ಮ ತಂದೆಯೋರಿಗೆ ದಿಲ್ಲಿ ಓದಿನ ಬಗ್ಗೆ ಹೇಳೋಣ ಅಂತ. ಕೇಳಿಸಿಕೊಂಡ್ರು. ಆಮೇಲೆ ಯಜಮಾನ್ರು ಎಲೆ ಅಡಿಕೆ ತಂದ್ರು. ನಮ್ಮ ಶ್ರೀರಂಗಪಟ್ಟಣದ ಮನೇಲಿ ಹಿರಿಯೋರು ಕೊಟ್ಟದ್ದನ್ನ ಬರಿಗೈಲಿ ಇಸ್ಕೋಬಾರದು, ಬಟ್ಟೆಯೊಡ್ಡಿ ಇಸ್ಕೋಬೇಕು ಅಂತ ನಮ್ಮವ್ವ ಚಿಕ್ಕಂದಿನಿಂದ ಹೇಳಿಕೊಟ್ಟಿದ್ಲು. ಕರ್ಚೀಫು ಹಾಸಿದೆ. ಅಷ್ಟೇ ನಾನು ಮಾಡಿದ್ದು."

ಗೌರಮ್ಮನಿಗೆ ನಗು ಬರಬೇಕಿತ್ತು. ಬರಲಿಲ್ಲ.

"ಸೋಬಾನೆ ಹೇಳಿದ್ರಂತಲ್ಲ. ಆಗ ಗೊತ್ತಾಗಲಿಲ್ವಾ?"

"ಗೊತ್ತಾಯ್ತು."

"ಗೊತ್ತಾದ ಮೇಲೆ?"

ಅವನು ನೆಲ ನೋಡಿದ. "ವಾಪಸ್ ಇಡೋಕೆ ಕೈ ಬರಲಿಲ್ಲ."

"ಯಾಕೆ?"

"ಒಳಗಿಂದ ಆ ಹಾಡು ಬಂದಾಗ..." ಅವನ ದನಿ ಇಳಿಯಿತು. "ಎದೆ ಝಲ್ ಅಂತು ಗೌರಮ್ನೋರೆ. ಆಸೆ ಆಯ್ತು. ಒಂದು ವರ್ಷದಿಂದ ಇದ್ದದ್ದೇ, ಅವತ್ತು ಎದ್ದು ನಿಂತಿತು. ಸುಳ್ಳು ಯಾಕೆ ಹೇಳಲಿ. ನಿಮ್ಮ ತಂದೆಯೋರು, ಇನ್ನು ದಿಲ್ಲಿ ವಿಚಾರ ನಿಮಗೇ ಬಿಟ್ಟದ್ದು ಅಂದ್ರು. ನಾನು ತಕ್ಷಣ ಅಂದೆ, ಯೋಚನೆ ಮಾಡಬೇಡಿ, ನಾನೇ ಕಳಿಸ್ತೀನಿ ಅಂತ."

ಆ ಮಾತು ಅವಳ ನೆತ್ತಿಗೇರಿತು. ಕೋಪ ಬಂದಾಗ ಅವಳ ಭಾಷೆ ಊರಿಗೆ ಮರಳುತ್ತಿತ್ತು.

"ಕಳಿಸ್ತೀರಾ? ಕಳಿಸಾಕೆ ನೀವ್ಯಾರು? ನಾನೇನು ತವರಿಂದ ಕಳಿಸೋ ಮೂಟೆನಾ? ನಮ್ಮಪ್ಪ ಬ್ಯಾಡ ಅಂದ್ರು, ನೀವು ಊಂ ಅಂದ್ರಿ. ಇಬ್ರೂ ನನ್ನೇ ಕೇಳಲಿಲ್ಲ. ಎಲ್ಡಕ್ಕೂ ಏನು ಯತ್ಯಾಸ ಯೋಳಿ."

"ತಪ್ಪಾಯ್ತು."

"ವೀಳ್ಯ ಎಲ್ಲಿ?"

ಅವನು ಕೋಣೆಯೊಳಗೆ ಹೋಗಿ ತಂದ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಡದಂತೆ ಇಟ್ಟಿದ್ದ. ಎಲೆಗಳು ಇನ್ನೂ ಹಸಿರಾಗಿದ್ದವು. ಅದನ್ನು ಕಂಡು ಗೌರಮ್ಮನ ಚಾಚಿದ ಕೈ ಒಂದು ಗಳಿಗೆ ತಡೆಯಿತು. 'ಇಷ್ಟು ಜೋಪಾನ ಮಾಡಿದವನನ್ನು...' ಆದರೂ ಅವಳು ಗಂಟನ್ನು ಕಿತ್ತುಕೊಂಡಳು.

"ಏನು ಮಾಡ್ತೀರಿ?"

"ವಾಪಸ್ ಕೊಡ್ತೀನಿ. ನಾನೇ ಹೋಗಿ."

"ಗೌರಮ್ನೋರೆ, ಹಾಗೆ ಮಾಡಿದ್ರೆ ನಿಮ್ಮನ್ನ ಆಡಿಕೊಳ್ತಾರೆ. ವೀಳ್ಯ ಮುರಿದ ಹೆಣ್ಣು ಅಂತಾರೆ. ಬೇರೆ ಯಾರೂ..."

"ಕೇಳದಿದ್ರೆ ಬ್ಯಾಡ," ಎಂದಳು ಗೌರಮ್ಮ. "ಕೇಳಿದೋರು ಯಾರಿದ್ದಾರೆ ಇಲ್ಲಿವರ್ಗೂ?"

*

ಮಾರನೆಯ ದಿನ ಅವಳು ನಾಗಮಂಗಲದ ಬಸ್ಸಿನಲ್ಲಿ ಕುಳಿತಾಗ ಪಕ್ಕದಲ್ಲಿ ದೊಡ್ಡತಾಯಮ್ಮನೂ ಬಂದು ಕೂತಳು.

"ನೀನ್ಯಾಕೆ ಅಜ್ಜಿ?"

"ನಿಮ್ಮಪ್ಪನ್ನ ಎತ್ತು ಸಾಕ್ದೋಳು ನಾನು. ಅವ್ನು ಒಡಿಯಾಕೆ ಬಂದ್ರೆ ನಡುವೆ ನಿಂತ್ಕೋತೀನಿ. ನಡೀ."

ಜಗಲಿಯ ಮೇಲೆ ಯಜಮಾನ ಹುಚ್ಚಣ್ಣ, ಇನ್ನೂ ಮೂರು ನಾಲ್ಕು ಜನ ಹಿರಿಯರು ಲಗ್ನದ ಮಾತಿಗೆ ಕೂತಿದ್ದರು. ಅಂಗಳದ ತುದಿಯಲ್ಲಿ, ಅವಳಿಗಿಂತ ಮುಂಚಿನ ಬಸ್ಸಿಗೆ ಬಂದಿದ್ದ ಸಿದ್ದರಾಜು ನಿಂತಿದ್ದ. ಯಾರೂ ಅವನಿಗೆ ಕೂರಲು ಹೇಳಿರಲಿಲ್ಲ.

ಜವರಯ್ಯ ಮಗಳನ್ನು ಕಂಡು ಎದ್ದ. "ಬಾವ್ವ. ಇದೇನು ಈ ಇನ್‌ಸ್ಪೆಕ್ಟ್ರು ಏನೇನೋ ಯೋಳ್ತಾವ್ನೆ. ವೀಳ್ಯ ತಪ್ಪಿ ಇಡ್ಕಂಡೆ, ನಾನೇ ಮುರೀತೀನಿ, ಮಗಳದ್ದೇನೂ ತಪ್ಪಿಲ್ಲ ಅಂತಾನೆ. ತಮಾಸೆನಾ ಇದು?"

ಗೌರಮ್ಮ ಸಿದ್ದರಾಜುವಿನ ಕಡೆ ನೋಡಿದಳು. ಕೆಟ್ಟ ಹೆಸರನ್ನು ತನ್ನ ತಲೆಯ ಮೇಲೆ ಹಾಕಿಕೊಂಡು ಅವಳನ್ನು ಬಿಡಿಸಲು ಬಂದಿದ್ದ. ಮತ್ತೆ ಅವಳನ್ನು ಕೇಳದೆ.

ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಟನ್ನು ಜಗಲಿಯ ಮೇಲೆ ಹುಚ್ಚಣ್ಣನ ಮುಂದೆ ಬಿಚ್ಚಿಟ್ಟಳು.

"ಅವರು ಮುರೀತಿಲ್ಲ ದೊಡ್ಡಯ್ಯ. ನಾನು ಮುರೀತಿದ್ದೀನಿ."

ಒಳಗೆ ಹೆಂಗಸರ ಬಳೆ ಸದ್ದು ನಿಂತಿತು.

ಹುಚ್ಚಣ್ಣ ಎಲೆಗಳನ್ನು ನೋಡಿದ, ಅವಳನ್ನು ನೋಡಿದ. "ಎಣ್ಣು ವೀಳ್ಯ ತಂದು ಇಂದಕ್ಕೆ ಕೊಡೋದು ಎಲ್ಲಾರ ಉಂಟಾ ಮಗಾ?"

"ಇವತ್ತಿಂದ ಉಂಟು."

"ಗಂಡು ಇಡಿಸ್ನಿಲ್ವಾ ನಿಂಗೆ?"

ಇಲ್ಲ ಎಂದರೆ ಎಲ್ಲವೂ ಸುಲಭ. ಅಪ್ಪನ ಮಾನ ಅರ್ಧವಾದರೂ ಉಳಿಯುತ್ತದೆ. ಆದರೆ ಅದು ಸುಳ್ಳು.

"ಅವರನ್ನ ಒಲ್ಲೆ ಅಂತಿಲ್ಲ. ನನ್ನ ಕೇಳದೆ ಕೊಟ್ಟದ್ದನ್ನ ಒಲ್ಲೆ ಅಂತಿದ್ದೀನಿ. ಕೊಟ್ಟೋರು ನೀವು, ಇಸ್ಕೊಂಡೋರು ಅವರು. ನಡುವೆ ನಾನು ಎಲ್ಲಿದ್ದೆ?"

ಅಂಗಳದ ತುದಿಯಲ್ಲಿ ಸಿದ್ದರಾಜು ತಲೆ ಎತ್ತಿದ. ಅವಳು ಆ ಕಡೆ ನೋಡಲಿಲ್ಲ.

"ಅಪ್ಪಾ, ನಾನು ದಿಲ್ಲಿಗೆ ಹೋಗ್ತೀನಿ. ಯಾರ ಹೆಂಡ್ತಿಯಾಗೂ ಅಲ್ಲ. ನಿನ್ನ ಮಗಳಾಗಿ. ಓದಿಸಿದ್ದು ನೀನೇ."

ಜವರಯ್ಯ ಬಾಗಿಲ ಕಡೆ ತಿರುಗಿ, ಬೆನ್ನು ಹಾಕಿಯೇ ಅಂದ. "ಓಗು. ಆದ್ರೆ ಈ ಒಸ್ತಿಲ ಮುಂದೆ ಬಂದು ಅಪ್ಪಾ ಅನ್ಬ್ಯಾಡ."

ಅವಳು ಕುಸಿಯಲಿಲ್ಲ. ಊರ ಬಾವಿ ದಾಟುವವರೆಗೂ ಕುಸಿಯಲಿಲ್ಲ. ಬಸ್ಸಿಗೆ ಕಾಯುವ ಅರಳಿಮರದ ಕೆಳಗೆ ಅಜ್ಜಿಯ ತೊಡೆಗೆ ಮುಖ ಒತ್ತಿದಳು. ಸಿದ್ದರಾಜು ಅಷ್ಟು ದೂರದಲ್ಲಿ ನಿಂತ. ಹತ್ತಿರ ಬರಲೇ ಎಂದು ಕಣ್ಣಲ್ಲೇ ಅಜ್ಜಿಯನ್ನು ಕೇಳಿದ. ಅಜ್ಜಿ ಬೇಡ ಎಂದು ಕೈಯಾಡಿಸಿದಳು. ಆ ಸಲ ಅವನು ಬೇಡ ಎಂದದ್ದನ್ನು ಬೇಡ ಎಂದೇ ತಿಳಿದುಕೊಂಡ.

*

ದಿಲ್ಲಿಯಲ್ಲಿ ಮೊದಲ ತಿಂಗಳು ಗೌರಮ್ಮ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಅವಳ ಇಂಗ್ಲಿಷ್ ಓದಿಗೆ ಸಾಕಿತ್ತು, ಜಗಳಕ್ಕೆ ಸಾಲುತ್ತಿರಲಿಲ್ಲ. ಹೆಚ್ಚಿನವರು ಡಾಕ್ಟರುಗಳು, ದೊಡ್ಡ ಅಧಿಕಾರಿಗಳು. ಗೋಡೆಯ ಮೇಲೆ ಲೋಕದ ದೊಡ್ಡ ನಕ್ಷೆ. ಸಿಡುಬು ಇನ್ನೂ ಉಳಿದ ಜಾಗಗಳಿಗೆಲ್ಲ ಕೆಂಪು ಗುಂಡುಪಿನ್ನು. 'ನನ್ನಂಥವಳಿಗೆ ಈ ಸೀಟು ಕೊಟ್ಟದ್ದೇ ತಪ್ಪೇನೋ... ಇದಕ್ಕಾಗಿ ಅಪ್ಪನನ್ನು ಕಳೆದುಕೊಂಡೆನಾ?'

ಪಕ್ಕದ ಕುರ್ಚಿ ಇಥಿಯೋಪಿಯಾದ ನರ್ಸ್ ಅಲ್ಮಾಜಳದು. ಅವಳಿಗೂ ಇಂಗ್ಲಿಷ್ ತಡವರಿಸುತ್ತಿತ್ತು. ಅದಕ್ಕೇ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು.

ಒಂದು ದಿನ ಪ್ರೊಫೆಸರು ಕೇಳಿದರು. ಒಂದು ಜಿಲ್ಲೆಯ ಆರೋಗ್ಯ ನಿಮ್ಮ ಕೈಗೆ ಬಂದರೆ ಮೊದಲು ಏನು ತಿಳಿದುಕೊಳ್ಳುತ್ತೀರಿ? ಒಬ್ಬರು ಜನಸಂಖ್ಯೆ ಅಂದರು. ಒಬ್ಬರು ವಾಹನ. ಒಬ್ಬರು ಬಜೆಟ್ಟು.

ಗೌರಮ್ಮ ಎದ್ದು ನಿಂತದ್ದು ಅವಳಿಗೇ ಆಶ್ಚರ್ಯ.

"ಒಂದು ಮನೆಯಲ್ಲಿ ಹೂಂ ಅನ್ನೋರು ಯಾರು ಅಂತ," ಎಂದಳು ತಡವರಿಸುತ್ತ. "ಆ ಹೂಂಗಾಗಿ ಕೇಳಿದ್ದೀವಾ, ಇಲ್ಲ ನಾವೇ ಅಂದುಕೊಂಡಿದ್ದೀವಾ ಅಂತ."

ಆಮೇಲೆ ಸಿಂಧಘಟ್ಟದ ಕಥೆ ಹೇಳಿದಳು. ಅಲ್ಮಾಜ್ ಎದ್ದು, ನಮ್ಮಲ್ಲೂ ಮುಚ್ಚಿದ ಬಾಗಿಲುಗಳಿವೆ, ನಾವೂ ಅವನ್ನು ಒಡೆದು ತಪ್ಪು ಮಾಡಿದ್ದೇವೆ ಎಂದಳು. ನೇಪಾಳದ ಡಾಕ್ಟರು ತಮ್ಮ ಬೆಟ್ಟದ ಹಳ್ಳಿಯ ಮಾತು ತೆಗೆದರು. ಅವತ್ತಿನ ತರಗತಿ ಊಟದ ಹೊತ್ತಾದರೂ ಮುಗಿಯಲಿಲ್ಲ.

ಸಂಜೆ ಅಲ್ಮಾಜ್ ಚಹಾ ಕುಡಿಯುತ್ತ ಕೇಳಿದಳು. "ನಿನ್ನ ಕಥೆಯ ಆ ಇನ್‌ಸ್ಪೆಕ್ಟರ್ ಏನಾದ?"

"ಗೊತ್ತಿಲ್ಲ," ಎಂದ ಗೌರಮ್ಮ ವೀಳ್ಯದ ಕಥೆಯನ್ನೂ ಹೇಳಿದಳು.

"ಅವನಿಗೆ ನಿನ್ನ ಮೇಲೆ ಪ್ರೀತಿ ಅಂದೆ. ನಿನಗೆ ಅವನ ಮೇಲೆ ಪ್ರೀತಿ ಅಂತ ಅವನಿಗೆ ಹೇಳಿದ್ದೀಯಾ?"

ಗೌರಮ್ಮ ಲೋಟ ಕೆಳಗಿಟ್ಟಳು. ಹುಚ್ಚಣ್ಣನಿಗೆ ಹೇಳಿದ್ದಳು. ಜಗಲಿಯ ಮೇಲೆ ಕೂತ ಹಿರಿಯರಿಗೆಲ್ಲ ಹೇಳಿದ್ದಳು. ಅವನ ಮುಖ ನೋಡಿ ಹೇಳಿರಲಿಲ್ಲ. ಅವನು ಏನು ಬಯಸುತ್ತಾನೆ ಎಂದು ಅವಳೂ ಒಂದು ಸಲ ಕೇಳಿರಲಿಲ್ಲ.

ಅವನಿಂದ ಒಂದು ಕಾಗದವೂ ಬಂದಿರಲಿಲ್ಲ. 'ಅಷ್ಟು ಜನರ ಮುಂದೆ ಅವಮಾನ ಮಾಡಿದೆ. ಯಾಕೆ ಬರೆದಾನು?'

*

ಸಂಕ್ರಾಂತಿ ಕಳೆದ ಮೇಲೆ ತರಗತಿಯವರನ್ನೆಲ್ಲ ಹಳ್ಳಿಯ ಆರೋಗ್ಯ ಕೇಂದ್ರ ನೋಡಲು ಕರೆದುಕೊಂಡು ಹೋಗಬೇಕಿತ್ತು. ಎಲ್ಲಿಗೆ ಎಂಬ ಪ್ರಶ್ನೆ ಬಂದಾಗ, ಸಿಂಧಘಟ್ಟ ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

ಹಾಗೆ ಏಳು ದೇಶದ ಜನ ತುಂಬಿದ ಬಸ್ಸು ಕೆ.ಆರ್. ಪೇಟೆಗೆ ಬಂದಿತು. ದಾರಿಯುದ್ದಕ್ಕೂ ಕಬ್ಬು ತುಂಬಿದ ಗಾಡಿಗಳು. ಅಲ್ಮಾಜಳನ್ನು ನೋಡಲು ಪೇಟೆಯ ಹೆಂಗಸರು ಮುತ್ತಿದರು. ದೊಡ್ಡತಾಯಮ್ಮ ಅವಳ ಸಣ್ಣ ಸಣ್ಣ ಜಡೆಗಳನ್ನು ಒಂದೊಂದಾಗಿ ಮುಟ್ಟಿ, "ಇದ್ನ ಎಣೆಯಾಕೆ ನಿಮ್ಮವ್ವಂಗೆ ಎಷ್ಟು ಒತ್ತಾಯ್ತದೆ ಮಗಾ?" ಎಂದು ಕನ್ನಡದಲ್ಲೇ ಕೇಳಿದಳು. ಅಲ್ಮಾಜ್ ತನ್ನ ಭಾಷೆಯಲ್ಲೇ ಉತ್ತರ ಕೊಟ್ಟಳು. ಇಬ್ಬರೂ ಸಮಾಧಾನವಾಗಿ ತಲೆಯಾಡಿಸಿದರು.

"ಅಪ್ಪ ಹೇಗಿದ್ದಾನೆ ಅಜ್ಜಿ?"

"ಮುನಿಸ್ಕೊಂಡವ್ನೆ. ಮುನಿಸ್ಕೊಳ್ಳಿ ಬುಡು. ನಿನ್ನ ಕ್ವಾಪ ಎಲ್ಲಿಂದ ಬಂತು ಅಂದ್ಕೊಂಡೆ?"

ಸಿದ್ದರಾಜು ಬಂದವರಿಗೆಲ್ಲ ಹಳ್ಳಿ ತೋರಿಸಿದ. ಗೌರಮ್ಮನ ಜೊತೆ ಕೆಲಸದ ಮಾತಷ್ಟೇ ಆಡಿದ. ಅವಳ ಎದೆ ಮರಗಟ್ಟಿತು. 'ಇಷ್ಟೇನಾ? ಮುಗಿದೇಹೋಯ್ತಾ?'

ಕೊನೆಯ ದಿನ ಮಧ್ಯಾಹ್ನ, ದಾರಿ ತೋರಿಸಲು ಸಿದ್ದರಾಜುವೂ ಹತ್ತಿದ್ದ ಬಸ್ಸು ಶ್ರೀರಂಗಪಟ್ಟಣದಲ್ಲಿ ನಿಂತಿತು. ಎಲ್ಲರೂ ಕೋಟೆ ನೋಡಲು ಹೊರಟರು. ಗೌರಮ್ಮ ಹೋಗಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಕೂತು ಕಾಲು ನೀರಿಗೆ ಬಿಟ್ಟಳು. ಸ್ವಲ್ಪ ಹೊತ್ತಿಗೆ ಹಿಂದೆ ಹೆಜ್ಜೆ ಸದ್ದು ಬಂದು, ದೂರದಲ್ಲೇ ನಿಂತಿತು.

"ಕೂರಬಹುದಾ?" ಎಂದ ಸಿದ್ದರಾಜು.

"ಕೂರಿ."

ಅವನು ಎರಡು ಮೆಟ್ಟಿಲು ಮೇಲೆ ಕೂತ. ಕಾವೇರಿ ಕಲ್ಲುಗಳ ನಡುವೆ ಸದ್ದು ಮಾಡುತ್ತಿತ್ತು.

"ಒಂದು ಕಾಗದಾನೂ ಬರೀಲಿಲ್ಲ ನೀವು," ಎಂದಳು ಅವಳು, ನೀರು ನೋಡುತ್ತ.

"ಬರೆದ್ರೆ ನೀವು ಉತ್ತರ ಕೊಡಬೇಕಾಗ್ತಿತ್ತು. ಓದೋಕೆ ಹೋದೋರನ್ನ ಉತ್ತರಕ್ಕೆ ಕಟ್ಟಿಹಾಕಿದಂಗೆ ಆಗ್ತಿತ್ತು. ಮತ್ತೆ ಅದೇ ತಪ್ಪು ಮಾಡೋಕೆ ಧೈರ್ಯ ಬರಲಿಲ್ಲ."

"ನಾನು... ಅವಮಾನ ಆಯ್ತು ಅಂತ ನೀವು ಬಿಟ್ಟಿರಿ ಅಂದುಕೊಂಡಿದ್ದೆ."

"ಅವಮಾನ ಆಯ್ತು. ಸುಳ್ಳು ಯಾಕೆ. ನಿಮ್ಮೂರ ಕಡೆ ಹೋದ್ರೆ ಈಗಲೂ ಕರ್ಚೀಫು ಇನ್‌ಸ್ಪೆಕ್ಟ್ರು ಅಂತಾರೆ." ಅವನು ಸಣ್ಣಗೆ ನಕ್ಕ. "ಆದ್ರೆ ಅವತ್ತೇ ನೀವು, ಅವರನ್ನ ಒಲ್ಲೆ ಅಂತಿಲ್ಲ ಅಂದ್ರಲ್ಲ. ಇಷ್ಟು ದಿನ ಅದೊಂದು ಮಾತಿನ ಮೇಲೆ ಬದುಕಿದ್ದೀನಿ."

ಗೌರಮ್ಮನ ಕಣ್ಣು ತುಂಬಿತು. ಅವಳು ತಿರುಗಿ ಅವನ ಮುಖ ನೋಡಿದಳು.

"ಆ ಮಾತನ್ನ ನಿಮಗೆ ಹೇಳಬೇಕಿತ್ತು. ಜಗಲಿಗೆ ಹೇಳಿದೆ. ನನ್ನದೂ ತಪ್ಪೇ. ಈಗ ಹೇಳ್ತೀನಿ... ನೀವಂದ್ರೆ ನನಗೆ ಇಷ್ಟ. ಪೊಲೀಸಿನೋನನ್ನ ವಾಪಸ್ ಕಳಿಸಿದ್ರಲ್ಲ, ಆವತ್ತಿಂದ. ಆದ್ರೆ ನನ್ನನ್ನ ಕೇಳದೆ ನನ್ನ ಬಗ್ಗೆ ಏನೂ ಮಾಡಬೇಡಿ. ಒಳ್ಳೇದನ್ನೂ ಮಾಡಬೇಡಿ."

"ಮಾಡೋಲ್ಲ. ಕೇಳ್ತೀನಿ." ಅವನು ಒಂದು ಮೆಟ್ಟಿಲು ಕೆಳಗಿಳಿದ. ಗಂಟಲು ಸರಿಮಾಡಿಕೊಂಡ. ಕಿವಿ ಕೆಂಪಾಗಿತ್ತು. "ಗೌರಮ್ನೋರೆ, ನನ್ನ ಮದುವೆ ಆಗ್ತೀರಾ?"

ಅವಳು ತಕ್ಷಣ ಹೂಂ ಅನ್ನಲಿಲ್ಲ.

"ಜೂನ್‌ಗೆ ಓದು ಮುಗೀತದೆ. ಆಮೇಲೆ ಎಲ್ಲಿಗೆ ಹಾಕ್ತಾರೋ ಗೊತ್ತಿಲ್ಲ. ಬೀದರ್ ಅಂದ್ರೆ ಬೀದರ್. ಸಿಡುಬಿನ ಕೆಲಸಕ್ಕೆ ನೇಪಾಳಕ್ಕೂ ನಮ್ಮ ಕ್ಲಾಸಿನೋರನ್ನ ಕೇಳ್ತಿದ್ದಾರೆ. ಕರೆದ್ರೆ ನಾನು ಹೋಗ್ತೀನಿ. ಮದುವೆ ಆದ್ರೂ ಹೋಗ್ತೀನಿ. ಅಪ್ಪ ಒಪ್ಪದಿದ್ರೂ, ಜನ ನಕ್ಕರೂ."

"ಗೊತ್ತು."

"ಗೊತ್ತಿದ್ದೂ ಕೇಳ್ತೀರಾ?"

"ಗೊತ್ತಿರೋದ್ರಿಂದಲೇ ಕೇಳ್ತಿರೋದು." ಅವನು ಇನ್ನೊಂದು ಮೆಟ್ಟಿಲು ಇಳಿದು ಅವಳ ಪಕ್ಕದಲ್ಲೇ ಕೂತ. "ಇನ್ನೂ ಒಂದು ಕೇಳಬೇಕು. ಅಲ್ಲಿಗೆ... ನಾನೂ ಬರ್ಲಾ?"

ಗೌರಮ್ಮನಿಗೆ ಅಳುವೂ ನಗುವೂ ಒಟ್ಟಿಗೆ ಬಂತು.

"ನೇಪಾಳದಲ್ಲಿ ರಾಗಿಮುದ್ದೆ ಹುಡುಕಿದ್ರೆ ಸಿಗೋಲ್ಲ."

"ರಾಗಿ ಹಿಟ್ಟು ಹೊತ್ಕೊಂಡು ಬರ್ತೀನಿ."

"ಮುದ್ದೆ ತೊಳಸೋರು ಯಾರು? ನಾನು ಬೆಳಿಗ್ಗೆ ಹೋದ್ರೆ ಬರೋದು ಸಂಜೆ."

"ನಾನು ತೊಳಸ್ತೀನಿ. ಗಂಟಾದ್ರೆ ಬಯ್ಯಬೇಡಿ."

"ಬಯ್ತೀನಿ," ಎಂದಳು ಗೌರಮ್ಮ, ಅವನ ಕೈಯನ್ನು ತಾನಾಗಿಯೇ ಹಿಡಿದು. "ಬನ್ನಿ."